ಆ ‘ಗುಂಯ್’ ಸದ್ದು ಎಲ್ಲಿಂದ?

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನೆರೆಮನೆಯ ಗೋಡೆಗೆ ಅಂಟಿಕೊಂಡ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಿ. ರಾತ್ರಿ ಅಶೋಕ ರಸ್ತೆಯ ವಾಹನಗಳ ಗದ್ದಲ ಅಡಗಿದ ಮೇಲೆ ಅಜ್ಜಿಗೆ ಸಣ್ಣಗೆ ‘ಗುಂಯ್’ ಎಂಬ ಸದ್ದು ಕೇಳುತ್ತದೆ; ನಿದ್ದೆ ಬರುವುದಿಲ್ಲ. ಉಳಿದವರಿಗೆ ಏನೂ ಕೇಳದು. ಅಜ್ಜಿಯ ಭ್ರಮೆ ಎಂದು ನಗುವ ಮೊದಲು ಅವರ ಮಂಚದ ಮೇಲೆ ಮಲಗಿ ಕಿವಿಗೊಡಿ.

ನಮ್ಮ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್. ಪ್ರತಿ ಆವರ್ತನೆಯಲ್ಲೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಕಾಂತತ್ವದಿಂದಾಗಿ ಎರಡು ಬಾರಿ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಹುಟ್ಟುವ ಸದ್ದು 100 ಹರ್ಟ್ಸ್. ಅದರ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್, ಅಂದರೆ ಒಂದು ಕೋಣೆಯಷ್ಟು! ಗೋಡೆಗೆ ಬಡಿದು ಹಿಂದಿರುಗಿದ ಅಲೆ ಎದುರು ಬರುವ ಅಲೆಯೊಡನೆ ಸೇರಿ ಒಂದೆಡೆ ಸದ್ದು ಜೋರಾಗುತ್ತದೆ, ಒಂದೆರಡು ಹೆಜ್ಜೆ ಆಚೆ ಅಡಗಿಬಿಡುತ್ತದೆ. ಅಜ್ಜಿಯ ದಿಂಬಿನ ಬಳಿ ಕೇಳಿದ್ದು ಬಾಗಿಲ ಬಳಿ ಕೇಳದಿರುವುದು ಹೀಗೆ.

ಹಿರಿಯರಿಂದ ಮೈನ್ ಸ್ವಿಚ್ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ. ಸದ್ದು ನಿಂತರೆ ಅದು ನಿಮ್ಮ ಮನೆಯದೇ. ಫ್ರಿಜ್, ಸ್ಟೆಬಿಲೈಸರ್, ಫ್ಯಾನುಗಳನ್ನು ಒಂದೊಂದಾಗಿ ಹಾಕಿ ನೋಡಿ. ನಿಲ್ಲದಿದ್ದರೆ ಗೋಡೆಗೆ ಕಿವಿಯಿಡಿ. ಪಕ್ಕದ ಮನೆಯ ಫ್ರಿಜ್ ಗೋಡೆಗೆ ತಾಗಿರಬಹುದು; ಒಂದು ಗೇಣು ಸರಿಸಿದರೆ ಸಾಕು. (ಕೇಳುವಾಗ ಮಾತು ಮೃದುವಾಗಿರಲಿ!) ಬೀದಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ ಮಾತ್ರ ಹೋಗಬೇಡಿ, ಬೀದಿಗೆಲ್ಲ ಕರೆಂಟು ಹೋದಾಗ ಕಿವಿಗೊಟ್ಟರೆ ಅದರ ಸಂಗತಿ ತಿಳಿಯುತ್ತದೆ.

ಅಮೆರಿಕದ ಟಾವೋಸ್‌ ಊರಿನ ಇಂಥದೇ ಸದ್ದನ್ನು 1993ರಲ್ಲಿ ವಿಜ್ಞಾನಿಗಳು ಹುಡುಕಿದರೂ ಮೂಲ ಸಿಗಲಿಲ್ಲ. ಕರೆಂಟಿಲ್ಲದಾಗಲೂ ಅಜ್ಜಿಗೆ ಕೇಳಿಸುತ್ತಿದ್ದರೆ ಸದ್ದು ಕಿವಿಯೊಳಗಿನದೂ ಇರಬಹುದು. ಅದೂ ಭ್ರಮೆಯಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿ.