ಕೊನೆಯ ಚೀಟಿಯ ನ್ಯಾಯ

ದಲ್ಲಾಳಿಯ ಕಸುಬು ತನ್ನಷ್ಟಕ್ಕೆ ನಿಂದ್ಯವಾದುದಲ್ಲ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿದ್ದಕ್ಕೆ ಅವನು ಪಡೆಯುವ ಕಮಿಷನ್ನು ಅವನ ಶ್ರಮದ ಫಲವೇ ಸರಿ. ಈ ಹಳೆಯ ಕಸುಬು ಇಂದು ಅಂತರಜಾಲದ ಪೇಟೆಯಲ್ಲಿ ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬ ಹೊಸ ಹೆಸರನ್ನು ತಳೆದಿದೆ. ಅಮೆರಿಕದ ಅಮೆಜಾನ್ ಸಂಸ್ಥೆಯು ಇನ್ನೂ ಪುಸ್ತಕದ ಅಂಗಡಿಯಾಗಿದ್ದಾಗ, 1996ರಲ್ಲಿ, ಇಂಥ ಏರ್ಪಾಟೊಂದನ್ನು ಆರಂಭಿಸಿತು. ವಿಮರ್ಶಕನೊಬ್ಬ ಒಂದು ಪುಸ್ತಕವನ್ನು ಮೆಚ್ಚಿ ಬರೆದು, ಅಂಗಡಿಗೆ ಹೋಗುವ ಕೊಂಡಿಯನ್ನು ಜೊತೆಗೆ ಕೊಡುತ್ತಾನೆ. ಅದರ ಮೂಲಕ ಹೋದ ಓದುಗರು ಪುಸ್ತಕವನ್ನು ಕೊಂಡರೆ ಬೆಲೆಯ ಒಂದಂಶ ಅವನಿಗೆ ಸಲ್ಲುತ್ತದೆ.

ಗಿರಾಕಿಯನ್ನು ಕಳುಹಿಸಿದವರಾರೆಂದು ಅಂಗಡಿಗೆ ತಿಳಿಯುವುದು ಹೇಗೆ? ಕೊಂಡಿಯನ್ನು ಒತ್ತಿದೊಡನೆ ಗಿರಾಕಿಯ ಬ್ರೌಸರಿನಲ್ಲಿ ‘ಕುಕೀ’ ಎಂಬ ಗುರುತಿನ ಚೀಟಿಯೊಂದು ಉಳಿಯುತ್ತದೆ. ಇಂಥ ಚೀಟಿಗಳು ಎರಡು ಮೂರು ಇದ್ದರೆ, ಪೇಟೆಯ ರೂಢಿಯಲ್ಲಿ ಸಾಮಾನ್ಯವಾಗಿ ಕೊನೆಯದಕ್ಕೇ ಮಾನ್ಯತೆ. ತೊಡಕಿನ ಬೀಜವಿರುವುದು ಈ ರೂಢಿಯಲ್ಲಿಯೇ.

ಕೂಪನ್ ಹುಡುಕಿಕೊಡುವ ಎಕ್ಸ್‌ಟೆನ್ಷನ್ನುಗಳು ಬ್ರೌಸರಿಗೆ ಜೋಡಿಸಿಕೊಳ್ಳುವ ಸಣ್ಣ ಸಲಕರಣೆಗಳು. ಹಣ ತೆರುವ ಗಳಿಗೆಯಲ್ಲಿ ಅವು ತಲೆದೋರಿ, ‘ರಿಯಾಯಿತಿ ಹುಡುಕಲೇ?’ ಎಂದು ಕೇಳುತ್ತವೆ. ಇವುಗಳಲ್ಲಿ ಹೆಸರಾದದ್ದು 2012ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ‘ಹನಿ’. ನಮ್ಮ ಮಾತಿನಲ್ಲಿ ಜೇನು. ಪೇಪಾಲ್ ಸಂಸ್ಥೆಯು 2020ರಲ್ಲಿ ಅದನ್ನು ಸುಮಾರು 400 ಕೋಟಿ ಡಾಲರುಗಳಿಗೆ ಕೊಂಡಿತು. 2024ರ ಡಿಸೆಂಬರಿನಲ್ಲಿ ಯೂಟ್ಯೂಬಿನ ಚಿತ್ರವೊಂದು ಅದರ ಮೇಲೆ ಆರೋಪ ಹೊರಿಸಿತು: ಗಿರಾಕಿಯು ಅದರ ಗುಂಡಿಯನ್ನು ಒತ್ತಿದರೆ ಸಾಕು, ಕೂಪನ್ ಸಿಗದಿದ್ದರೂ ಮೊದಲಿನವರ ಚೀಟಿ ಅಳಿದು ‘ಹನಿ’ಯ ಚೀಟಿ ಅಲ್ಲಿ ಕೂರುತ್ತದೆ ಎಂದು. ಸಂಸ್ಥೆಯು ತಾನು ಉದ್ಯಮದ ನಿಯಮವನ್ನೇ ಪಾಲಿಸುತ್ತಿರುವುದಾಗಿ ಹೇಳಿತು. ಶಿಫಾರಸಿನ ಕಸುಬಿನವರು ಹಲವರು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಗಿರಾಕಿಗೆ ನೇರ ಪ್ರಯೋಜನವಿಲ್ಲದೆ ಇಂಥ ಚೀಟಿ ಅಂಟಿಸಲಾಗದೆಂದು ಗೂಗಲ್ ಸಂಸ್ಥೆಯು 2025ರ ಮಾರ್ಚಿನಲ್ಲಿ ತನ್ನ ಕ್ರೋಮ್ ಬ್ರೌಸರಿನ ಎಕ್ಸ್‌ಟೆನ್ಷನ್ನುಗಳಿಗೆ ನಿಯಮವನ್ನು ಬಿಗಿಗೊಳಿಸಿತು.

ನಿಯಮದ ಮಾತು ಹಾಗಿರಲಿ, ನೀತಿಯ ಮಾತೇನು? ಗಿರಾಕಿಯ ಕಿಸೆಯಿಂದ ಒಂದು ಕಾಸೂ ಹೆಚ್ಚಾಗಿ ಹೋಗದಿರುವಾಗ ಅನ್ಯಾಯವೆಲ್ಲಿ ಎಂದು ಕೇಳುವವರಿದ್ದಾರೆ. ಆದರೆ ವಾರಗಟ್ಟಲೆ ಒಂದು ವಸ್ತುವನ್ನು ಬಳಸಿ, ಅದರ ಗುಣದೋಷಗಳನ್ನು ತೂಗಿ ಹೇಳಿದವನ ಕೂಲಿಯು ಬಾಗಿಲ ಬಳಿ ಕಾದು ನಿಂತವನ ಪಾಲಾದರೆ, ಅದು ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದ ಕಥೆಯಾಗುತ್ತದೆ. ಅಂಗಡಿಯೂ ಆಗಲೇ ಕೊಳ್ಳಲು ನಿಶ್ಚಯಿಸಿ ಬಂದವನಿಗಾಗಿ ದಲ್ಲಾಳಿ ತೆರಬೇಕಾಗುತ್ತದೆ. ಇಂಥ ನಷ್ಟ ಬಹುಕಾಲ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ಅದನ್ನು ತಡೆಯಬಲ್ಲ ಗಿರಾಕಿಗೆ ಅದರ ಬಿಸಿ ತಟ್ಟದಿರುವುದೇ.

ಹಾಗೆಂದು ಶಿಫಾರಸು ಮಾಡುವವರಿಗೂ ಹೊಣೆ ತಪ್ಪಿದ್ದಲ್ಲ. ಕಮಿಷನ್ನಿನ ಆಸೆಗೆ ಹೊಗಳುವವರಿದ್ದಾರೆ; ಆದುದರಿಂದಲೇ ಭಾರತದ ಜಾಹೀರಾತು ಗುಣಮಟ್ಟ ಮಂಡಲಿಯು 2021ರಲ್ಲಿ, ಸಾಮಾಜಿಕ ಜಾಲತಾಣಗಳ ಪ್ರಚಾರಕರು ಇಂಥ ಹಣದ ಸಂಬಂಧವನ್ನು ಮರೆಮಾಚದೆ ತಿಳಿಸಬೇಕೆಂದು ವಿಧಿಸಿತು. ಸಲಹೆ ಕೊಟ್ಟವರು ತಮ್ಮ ಲಾಭವನ್ನು ಮುಚ್ಚಿಡಬಾರದು. ಸಲಹೆ ಪಡೆದ ನಾವು ಹಣ ತೆರುವ ಮುನ್ನ, ಆ ಲಾಭ ಅವರಿಗೇ ತಲುಪುತ್ತಿದೆಯೇ ಎಂದು ಒಮ್ಮೆ ನೋಡಬೇಕು. ರಿಯಾಯಿತಿಯನ್ನು ಹುಡುಕುವ ಉತ್ಸಾಹದಲ್ಲಿ ಇಷ್ಟು ಕೃತಜ್ಞತೆಗೂ ಎಡೆಯಿರಲಿ.