ಹಾಯಿದೋಣಿಯ ಮೊದಲ ಪಾಠ

ತುಮಕೂರಿನ ಅಮಾನಿಕೆರೆ, ಗುಬ್ಬಿ ಸೀಮೆಯ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆಗಳ ಏರಿಯ ಮೇಲೆ ಆಡಿ ಬೆಳೆದರೂ ನಮ್ಮ ಎಷ್ಟೋ ಮಕ್ಕಳಿಗೆ ನೀರೆಂದರೆ ಅಂಜಿಕೆ. ಹಾಯಿದೋಣಿಯ ಅಭ್ಯಾಸಕ್ಕೆ ಸಮುದ್ರವೇ ಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರ್ ದಳದವರು ಅದನ್ನು ಕಲಿತಿದ್ದಾರೆ. ಆ ದಳದವರೇ 1985–87ರಲ್ಲಿ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿದರು.

ಈಜು ಕಲಿತು, ಲೈಫ್ ಜಾಕೆಟ್ ತೊಟ್ಟೇ ದೋಣಿಯನ್ನೇರಬೇಕು. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಸಾಗದು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ನಡೆದು ಗುರಿ ಮುಟ್ಟುತ್ತದೆ. ದೋಣಿ ವಾಲಿದಾಗ ಹೊಸಬರು ಹೆದರಿ ಹಾಯಿಯ ಹಗ್ಗವನ್ನು ಬಿಗಿಹಿಡಿಯುತ್ತಾರೆ, ಅಪಾಯವಿರುವುದೇ ಅಲ್ಲಿ. ಹಗ್ಗವನ್ನು ಸಡಿಲಿಸಿದರೆ ಹಾಯಿಯ ಗಾಳಿ ಇಳಿದು ದೋಣಿ ನೆಟ್ಟಗಾಗುತ್ತದೆ. ಮಗುಚಿದರೂ ದಡದತ್ತ ಈಜದೆ, ತೇಲುವ ದೋಣಿಯನ್ನೇ ಹಿಡಿದಿರಬೇಕು. ದಡದ ಬಳಿ ಬೇಕೆಂದೇ ದೋಣಿಯನ್ನು ಮಗುಚಿ, ಮತ್ತೆ ಎತ್ತಿ ನಿಲ್ಲಿಸಿ ಕಲಿತವರಲ್ಲಿ ಭಯ ಕಳೆದು ಎಚ್ಚರ ಉಳಿಯುತ್ತದೆ. ಕೆರೆಗಳ ನಾಡಿನ ವಿದ್ಯಾರ್ಥಿಗಳಿಗೆ ಈ ಶಿಕ್ಷಣವೂ ದೊರೆಯಬೇಕು.