ಬೇರೂರಿದ ಪಿಯೋನಿಯನ್ನು ಕಿತ್ತು ನೆಡುವ ಕ್ರಮ

ನಮ್ಮ ಶಾಲೆಯಲ್ಲಿ ಕಲಿತ ಸೋದರಿಯರಲ್ಲಿ ಕೆಲವರು ಇಂಗ್ಲೆಂಡ್, ಅಮೆರಿಕ ಮೊದಲಾದ ಶೀತದೇಶಗಳಲ್ಲಿ ಮನೆ ಹೂಡಿರುವರು. ಅಲ್ಲಿಯ ಹಳೆಯ ತೋಟಗಳಲ್ಲಿ ಪಿಯೋನಿ ಎಂಬ ಹೂಗಿಡವುಂಟು. ಚಳಿಗಾಲದಲ್ಲಿ ಅದರ ದಂಟೆಲ್ಲ ಒಣಗಿ, ವಸಂತದಲ್ಲಿ ಬುಡದಿಂದ ಮರಳಿ ಚಿಗುರುವುದು. ಒಂದೇ ಸ್ಥಳದಲ್ಲಿ 50 ವರ್ಷಕ್ಕೂ ಮೇಲ್ಪಟ್ಟು ಬಾಳಬಲ್ಲ ಈ ಗಿಡವನ್ನು ನಿಷ್ಕಾರಣವಾಗಿ ಕದಲಿಸಬಾರದು. ಮರದ ನೆರಳು ಕವಿದು ಹೂ ಕಡಿಮೆಯಾದಾಗ, ಅಥವಾ ಮನೆ ಬದಲಿಸುವಾಗ, ಕೀಳಲೇಬೇಕಾದಲ್ಲಿ ಕ್ರಮವರಿತು ಕೀಳತಕ್ಕದ್ದು.

ಇದಕ್ಕೆ ತಕ್ಕ ಕಾಲವು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು. ಯಾಕಂದರೆ ನೆಲವು ಹೆಪ್ಪುಗಟ್ಟುವ ಮೊದಲೇ ಎಳೆಬೇರುಗಳು ಮೂಡಲು ಆಗ ಅವಕಾಶವಿರುವುದು. ದಂಟುಗಳನ್ನು ಕೊಯ್ದು, ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಅಗೆದು, ಗೆಣಸಿನಂತಿರುವ ಬೇರುಗಳು ಮುರಿಯದಂತೆ ಎತ್ತಬೇಕು. ಕಬ್ಬಿನ ಗಿಣ್ಣಿನಲ್ಲಿರುವಂತೆ ಇದರ ಬುಡದಲ್ಲಿಯೂ ಕಣ್ಣುಗಳಿರುವುವು. ಒಂದೊಂದು ಭಾಗದಲ್ಲಿ 3ರಿಂದ 5 ಕಣ್ಣುಗಳು ಉಳಿಯುವಂತೆ ಬುಡವನ್ನು ಹರಿತವಾದ ಚೂರಿಯಿಂದ ಸೀಳಿ, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಬೇಕು.

ಆಳವಾಗಿ ನೆಟ್ಟರೆ ಗಿಡವು ಭದ್ರವೆಂದು ನಾವು ಎಣಿಸುವುದುಂಟು. ಇಲ್ಲಿ ಅದೇ ಕೇಡು. ಕಣ್ಣುಗಳ ಮೇಲೆ 2 ಅಂಗುಲಕ್ಕಿಂತ ಹೆಚ್ಚು ಮಣ್ಣು ಬಿದ್ದರೆ ಎಲೆಗಳು ಸೊಂಪಾಗಿ ಬಂದರೂ ಹೂ ಬಾರದು.

ಸರಿಯಾಗಿ ನೆಟ್ಟ ಗಿಡವೂ ಮೊದಲಿನ ಒಂದೆರಡು ವರ್ಷ ಹೂ ಬಿಡದೆ ಇರಬಹುದು. ಆಗ ಬೇಸರಪಟ್ಟು ಮತ್ತೆ ಕೀಳುವವರು ತಾವೇ ಅದರ ಹೂವನ್ನು ಇನ್ನಷ್ಟು ದೂರ ಮಾಡುವರು.

ಕಡೆಯದಾಗಿ ಒಂದು ಮಾತು. ಚಳಿಗಾಲದ ಕಡುಶೀತದಲ್ಲಿ ವಿಶ್ರಮಿಸದೆ ಪಿಯೋನಿಯು ಅರಳದು. ಆದಕಾರಣ ತವರಿಗೆ ಬರುವಾಗ ಅದರ ಗಡ್ಡೆಯನ್ನು ನಮಗಾಗಿ ತರುವ ಶ್ರಮ ಬೇಡ. ಅದು ಅರಳಿದ ಸುದ್ದಿಯನ್ನು ತಂದರೆ ಸಾಕು.